ಬೋಳು ಕಾರಿನ ಹಗುರ ಗಂಟು

ನಾನು ಬಿ.ಎ. ಪಾಸು ಮಾಡುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದು ಹೇಳಿದವರು ಶಿಕಾರಿಪುರದ ರೈಸ್ ಮಿಲ್ಲಿನ ಸಾಹುಕಾರ್ ರುದ್ರಪ್ಪನವರು. ಹೇಳಿದ್ದು ನಮ್ಮ ಬೆನ್ನ ಹಿಂದೆ ಅಲ್ಲ. ಮಿಲ್ಲಿನ ಅಂಗಳದಲ್ಲಿ, ಮೂಟೆ ಹೊರುವ ಹಮಾಲರೆಲ್ಲರ ಎದುರಿಗೆ, ನನ್ನ ಅಪ್ಪ ಹೆಗಲ ಮೇಲಿನ ಟವಲ್ಲನ್ನು ಕೈಗೆ ತೆಗೆದುಕೊಂಡು ನಿಂತಿದ್ದಾಗ. "ನೀರ್ಗಂಟಿ, ನಿನ್ನ ಮಗ ಓದಾಕೆ ಹೋಗಿದ್ದು ತಪ್ಪಲ್ಲ ಬಿಡು. ಓದ್ಲಿ. ಆದ್ರೆ ಬಿ.ಎ. ಅಂಬೋದು ಐತಲ್ಲ, ಅದು ಮನೆತನದಾಗೆ ಬರ್ಬೇಕು. ಕಂಬಳಿ ಹೊದ್ದೋರ ಮೈಗೆ ಆ ಕರೇ ಗೌನು ಹತ್ತೂದಿಲ್ಲ." ಅಪ್ಪ "ಹೌದ್ರಿ ಸಾವ್ಕಾರ್ರೆ" ಎಂದ. ಆ ಮಾತಿಗಾಗಿ ಸಾಹುಕಾರರ ಮೇಲೆ ಬಂದ ಸಿಟ್ಟಿಗಿಂತ, ಆ "ಹೌದ್ರಿ"ಗಾಗಿ ಅಪ್ಪನ ಮೇಲೆ ಬಂದ ಸಿಟ್ಟು ಬಹಳ ದಿನ ಉಳಿಯಿತು.

ಇಷ್ಟು ಹಳೆಯ ಸಂಗತಿ ಮೊನ್ನೆ ಮತ್ತೆ ಎದ್ದು ಕೂತದ್ದು ನನ್ನ ಮೊಮ್ಮಗಳಿಂದ. ಅವಳೂ ಅವಳ ಗೆಳತಿಯೂ ಮಾಡು ಮಡಚುವ ಕಾರೊಂದನ್ನು ಬಾಡಿಗೆಗೆ ಹಿಡಿದು ಸಮುದ್ರದ ದಂಡೆಯಲ್ಲಿ ನಾಲ್ಕು ದಿನ ಗುಡಾರ ಹಾಕಿಕೊಂಡಿರಲು ಹೊರಟಿದ್ದಾರೆ. ನಡುಮನೆಯಲ್ಲಿ ಹೊಸ ಗುಡಾರ ಬಿಚ್ಚಿ ಹರವಿದ್ದಳು. ಅದರ ರಬ್ಬರಿನ ಘಾಟು ಮೂಗಿಗೆ ಬಡಿಯಿತು. ಫೋನು ನೋಡುತ್ತ ನನಗೆ ಕೇಳುವಂತೆ ಓದಿದಳು: "ಅಜ್ಜಾ, ಓಪನ್ ಕಾರಲ್ಲಿ ಹೋಗೋರು ಆದಷ್ಟು ಕಮ್ಮಿ ಸಾಮಾನು ಇಟ್ಕೋಬೇಕಂತೆ. ಬೇಕೇ ಬೇಕು ಅನ್ನೋದು ಮಾತ್ರ."

"ಯಾರಿಗೆ ಬೇಕೇ ಬೇಕು ಅನ್ನೋದು?" ಎಂದೆ.

ದನಿ ಜೋರಾಯಿತೆಂದು ಕಾಣುತ್ತದೆ. ಸೊಸೆ ಅಡುಗೆಮನೆಯಿಂದ ಇಣುಕಿ, "ಮಾವ, ಬೆಳಿಗ್ಗೆ ಬಿ.ಪಿ. ಗುಳಿಗೆ ತಗೊಂಡ್ರಾ?" ಎಂದಳು. ಗುಳಿಗೆ ತೆಗೆದುಕೊಂಡಿದ್ದೆ. ಈ ಸಿಟ್ಟು ಗುಳಿಗೆಗೆ ಬಗ್ಗುವಂಥದ್ದಲ್ಲ. ಎಳೆಯ ಹುಡುಗಿಯ ಮೇಲೆ ರೇಗಿದೆನಲ್ಲ ಎಂದು ನಾಚಿಕೆಯಾಗಿ ಜಗಲಿಗೆ ಬಂದು ಕೂತೆ. ನೀವಾದರೂ ಕೇಳಿ, ಕೇಳಿದ ಮೇಲೆ, ರೇಗಿದ್ದು ತಪ್ಪೋ ಸರಿಯೋ ನೀವೇ ಹೇಳಿ.

ನಾಡು ಒಂದಾದ ಮರುವರ್ಷವೋ ಅದರಾಚೆಯ ವರ್ಷವೋ ಇರಬೇಕು. ಶಿವಮೊಗ್ಗೆಯಲ್ಲಿ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನಮ್ಮೂರು ಅಂಜನಾಪುರದ ಹತ್ತಿರ. ಅಪ್ಪ ನೀರುಗಂಟಿ, ಎಂದರೆ ನಾಲೆಯ ತೂಬು ಎತ್ತಿ, ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವವನು. ಮೂರು ಊರಿನ ಜಗಳ ಅವನ ತಲೆಯ ಮೇಲೆ, ಸ್ವಂತ ಗದ್ದೆ ಕಾಲುವೆಯ ಕಟ್ಟಕಡೆಗೆ. ನಮ್ಮ ಮನೆತನದಲ್ಲಿ ರುಜು ಹಾಕಲು ಬರುತ್ತಿದ್ದ ಮೊದಲ ಮನುಷ್ಯ ನಾನು. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಇದರಲ್ಲಿ ಸಂಕೋಚಪಡಲು ಏನಿದೆ?

ಅದೇ ತರಗತಿಯಲ್ಲಿ, ಅದೇ ಬೆಂಚಿನಲ್ಲಿ, ಸಾಹುಕಾರರ ಮಗ ಚಂದ್ರಶೇಖರನೂ ಇದ್ದ. ವಯಸ್ಸು ಒಂದೇ, ಪುಸ್ತಕ ಒಂದೇ, ಮೇಷ್ಟ್ರು ಒಬ್ಬರೇ. ಆದರೂ ನನಗೆ ಅವನು "ಚಂದ್ರಣ್ಣ", ಅವನಿಗೆ ನಾನು "ಲೇ ನೀರ್ಗಂಟಿ". ಅವನು ಆರಡಿ ಎತ್ತರ. ನಾನು ಅವನ ಭುಜಕ್ಕೆ ಬರುತ್ತಿದ್ದೆ. ಹಿಮ್ಮಡಿ ಎತ್ತಿದರೆ ಕಿವಿಗೆ.

ಚಂದ್ರಣ್ಣನ ಹತ್ತಿರ ಒಂದು ಕಾರಿತ್ತು. ಕಾಫಿ ತೋಟದ ಬಿಳಿಯ ದೊರೆಯೊಬ್ಬ ತನ್ನ ದೇಶಕ್ಕೆ ಮರಳುವಾಗ ಮಾರಿ ಹೋದದ್ದು. ಕುಂಕುಮದ ಬಣ್ಣ, ಇಬ್ಬರಿಗೆ ಮಾತ್ರ ಸೀಟು, ಹಿಂದೆ ಒಂದು ಮೊಳದಷ್ಟು ಸಂದು, ಮೇಲೆ ಮಾಡು ಇಲ್ಲ. ಬೇಕೆಂದಾಗ ಎಳೆದು ಹೊದಿಸಲು ಕ್ಯಾನ್‌ವಾಸಿನ ಮುಸುಕು, ಅದಕ್ಕೊಂದು ಕಬ್ಬಿಣದ ಚೌಕಟ್ಟು. ವಿಲಾಯಿತಿಯಲ್ಲಿ ಅದಕ್ಕೇನೋ ದೊಡ್ಡ ಹೆಸರಿದ್ದೀತು. ಶಿಕಾರಿಪುರದ ಜನ ಅದನ್ನು ಬೋಳು ಕಾರು ಎಂದು ಕರೆದರು. ಅಷ್ಟು ಹಣ ಕೊಟ್ಟು ತಲೆಯಿಲ್ಲದ್ದನ್ನು ಯಾಕೆ ತಂದರು ಎಂಬುದು ಸಂತೆಯಲ್ಲಿ ಬಹಳ ದಿನ ಚರ್ಚೆಯಾಯಿತು.

ನಮ್ಮ ಇತಿಹಾಸದ ಮೇಷ್ಟ್ರದ್ದು ಒಂದು ಹಟವಿತ್ತು. ಹಳೆಯ ಗುಡಿ, ಶಾಸನಗಳನ್ನು ಕಣ್ಣಾರೆ ನೋಡಿ, ಅಳೆದು, ಬರೆದು ತಂದವರಿಗೆ ಮಾತ್ರ ಅವರು ಪರೀಕ್ಷೆಯ ಅರ್ಜಿಗೆ ರುಜು ಹಾಕುತ್ತಿದ್ದರು. ವರದಿ ಕನ್ನಡದಲ್ಲೇ ಇರಲಿ ಎಂದವರು ಆ ಕಾಲದಲ್ಲಿ ಅವರೊಬ್ಬರೇ. ತರಗತಿಯವರೆಲ್ಲ ಬಸ್ಸು ಮಾಡಿಕೊಂಡು ಬೇಲೂರಿಗೆ ಹೋಗಿ ಬಂದರು. ನನ್ನಿಂದ ಹೋಗಲಾಗಲಿಲ್ಲ, ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಚಂದ್ರಣ್ಣ ಬಸ್ಸಿನಲ್ಲಿ ಕೂರುವುದಿಲ್ಲ ಎಂದು ಹೋಗಲಿಲ್ಲ. ಮೇಷ್ಟ್ರು ಇಬ್ಬರನ್ನೂ ಕರೆದರು. "ಬೇಲೂರೇ ಆಗಬೇಕೇನ್ರಯ್ಯ? ನಿಮ್ಮ ತಾಲೂಕಿನಲ್ಲೇ ಬಳ್ಳಿಗಾವಿ ಇದೆ, ತೊಗರ್ಸಿ ಇದೆ. ದಸರಾ ರಜೆಯಲ್ಲಿ ನಾಲ್ಕು ದಿನ ತಿರುಗಿ ಬನ್ನಿ. ಆದರೆ ಅಳತೆ ಬೇಕು. ಅಳತೆಯಿಲ್ಲದ ವರದಿ ತಂದರೆ ಹಿಂದಕ್ಕೆ ಎಸೆಯುತ್ತೇನೆ."

ಹೊರಗೆ ಬರುತ್ತಲೇ ಚಂದ್ರಣ್ಣ ನನ್ನ ಹೆಗಲ ಮೇಲೆ ಕೈ ಹಾಕಿದ. "ಲೇ, ನೀನು ಕಲ್ಲು ಓದ್ತೀಯಲ್ಲ, ನನ್ನ ಕಾರೈತಿ. ಗುಡಾರ ಹಾಕ್ಕಂಡು ಮಜವಾಗಿ ಸೊರಬದ ಮಟ ಹೋಗಿ ಬರಾಣ. ಒಂದೇ ಮಾತು: ಸಾಮಾನು ಹಗುರ ಇರ್ಬೇಕು. ಇದು ನಿಮ್ಮ ಗಾಡಿ ಅಲ್ಲ, ಹೇರಾಕೆ."

ಹಗುರ ಎಂಬ ಮಾತನ್ನು ನಾನು ಶ್ರದ್ಧೆಯಿಂದ ತಲೆಗೆ ಹಚ್ಚಿಕೊಂಡೆ. ಹೊರಡುವ ದಿನ ಬೆಳಿಗ್ಗೆ ಮಿಲ್ಲಿನ ಅಂಗಳಕ್ಕೆ ಬಂದಾಗ ನನ್ನ ಗಂಟಿನಲ್ಲಿ ಇದ್ದದ್ದು ಇಷ್ಟು: ಒಂದು ಪಂಚೆ, ಒಂದು ಅಂಗಿ, ಅವ್ವ ಕಟ್ಟಿಕೊಟ್ಟ ರೊಟ್ಟಿ, ಚಟ್ನಿಪುಡಿ, ತಂಬಿಗೆ, ಬರೆಯುವ ಪುಸ್ತಕ, ಮತ್ತು ಅಪ್ಪ ನಾಲೆಯ ಓವರ್‌ಸಿಯರ್ ಸಾಹೇಬರ ಕಾಲಿಗೆ ಬಿದ್ದು ನಾಲ್ಕು ದಿನಕ್ಕೆಂದು ಕೇಳಿ ತಂದ ಅಳತೆಯ ಟೇಪು. ಚರ್ಮದ ದುಂಡು ಡಬ್ಬಿಯೊಳಗೆ ಸುತ್ತಿಟ್ಟ, ಹಿತ್ತಾಳೆಯ ಹಿಡಿಕೆಯ ಟೇಪು. ಅದನ್ನು ಕೈಯಲ್ಲಿ ಹಿಡಿದಾಗಲೇ ನಾನು ಅರ್ಧ ಬಿ.ಎ. ಆಗಿಬಿಟ್ಟೆನೆಂದು ಅನಿಸಿತ್ತು. ಗಂಟಿನ ಮೇಲೆ ನನ್ನ ಕಂಬಳಿ.

ಚಂದ್ರಣ್ಣ ಗಂಟು ಬಿಚ್ಚಿ ಒಂದೊಂದನ್ನೇ ಎತ್ತಿ ನೋಡಿದ. "ರೊಟ್ಟಿ ಯಾಕ್ಲೇ? ನನ್ನತ್ರ ಬಿಸ್ಕತ್ತು ಐತಿ. ತಂಬಿಗಿ ಯಾಕ? ಇದೇನಿದು ಕಡುಬಿನಂಗೆ ದಪ್ಪಗೆ? ಟೇಪಾ? ಎರಡು ಸೇರು ತೂಕ ಐತಲ್ಲೋ! ಬಿಡು, ಅಂದಾಜಲ್ಲಿ ಬರ್ಕಂಡ್ರಾತು." ಬರೆಯುವ ಪುಸ್ತಕವೊಂದನ್ನು ಬಿಟ್ಟು ಎಲ್ಲವನ್ನೂ ಮಿಲ್ಲಿನ ಗುಮಾಸ್ತರ ಮೇಜಿನ ಕೆಳಗೆ ತಳ್ಳಿಸಿದ. ಟೇಪನ್ನಾದರೂ ಇಟ್ಟುಕೊಳ್ಳುತ್ತೇನೆಂದು ನಾನು ಎರಡು ಸಲ ಹೇಳಿದೆ. "ಹಗುರ ಅಂದ್ರೆ ಹಗುರ" ಎಂದ. ಮೂರನೇ ಸಲ ನಾನು ಹೇಳಲಿಲ್ಲ. ಆ ಮೂರನೇ ಸಲ ಯಾಕೆ ಹೇಳಲಿಲ್ಲ ಎಂದು ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ. ಅಪ್ಪನ "ಹೌದ್ರಿ"ಗೆ ಸಿಟ್ಟಾದವನು ನಾನು. ನನ್ನ ಬಾಯಲ್ಲಿ ಬಂದದ್ದೂ ಅದೇ.

ಆಮೇಲೆ ಅವನ ಸಾಮಾನು ಬಂತು. ಮೊದಲು ಗ್ರಾಮಾಫೋನು. ಅದರ ಹಿಂದೆ ರೆಕಾರ್ಡುಗಳ ಪೆಟ್ಟಿಗೆ. ಒಂದು ಬಂದೂಕು. ಮಡಚುವ ಕುರ್ಚಿ, ಒಂದೇ. ಮುಖಕ್ಷೌರದ ಕನ್ನಡಿ, ಬೂಟು ಎರಡು ಜೊತೆ, ಮೂರು ಡಬ್ಬ ಬಿಸ್ಕತ್ತು, ಮಿಲಿಟರಿಯವರು ಮಾರಿದ್ದ ಗುಡಾರ. ಗುಡಾರದ ಕೋಲುಗಳು ಹಿಡಿಸಲಿಲ್ಲವೆಂದು ಅವನ್ನು ಬಿಟ್ಟ. ಗುಡಾರ ಬೇಕು, ಅದನ್ನು ನಿಲ್ಲಿಸುವ ಕೋಲು ಬೇಡ! ಇಷ್ಟಾದರೂ ರೆಕಾರ್ಡಿನ ಇನ್ನೊಂದು ಪೆಟ್ಟಿಗೆಗೆ ಜಾಗವಾಗಲಿಲ್ಲ. ಆಗ ಆ ಮಹಾರಾಯ ಮಾಡಿದ್ದೇನು ಗೊತ್ತೆ? ಕಾರಿನ ಕ್ಯಾನ್‌ವಾಸ್ ಮುಸುಕನ್ನೇ, ಚೌಕಟ್ಟಿನ ಸಮೇತ, ಸ್ಕ್ರೂ ಬಿಚ್ಚಿಸಿ ಮಿಲ್ಲಿನಲ್ಲಿ ಇಳಿಸಿದ. "ಮಳಿಗಾಲ ಮುಗೀತಲ್ಲ, ಸುಮ್ನೆ ಭಾರ." ಚಿತ್ತೆಯ ಮಳೆ ಇನ್ನೂ ಬಾಕಿ ಇದೆಯೆಂದು ಅಲ್ಲಿದ್ದ ಹಮಾಲನೊಬ್ಬ ಗೊಣಗಿದ. ಮಳೆಯ ಲೆಕ್ಕ ಹಮಾಲನಿಗೆ ಗೊತ್ತು, ಬಿ.ಎ. ಓದುವವನಿಗೆ ಬೇಡ.

ನನ್ನ ಕಂಬಳಿ ಉಳಿದದ್ದು ಒಂದು ಉಪಾಯದಿಂದ. ಅದನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಕಿ ಕೂತುಬಿಟ್ಟೆ. ಕುಂಡೆಯ ಕೆಳಗಿನದು ಸಾಮಾನಲ್ಲ ಎಂದು ಚಂದ್ರಣ್ಣ ಒಪ್ಪಿಕೊಂಡ. ಅದೂ ಅಲ್ಲದೆ, ಅದರಿಂದ ನಾನು ಸ್ವಲ್ಪ ಎತ್ತರ ಕಂಡೆ.

ಇಲ್ಲಿ ಒಂದು ನಿಜ ಹೇಳಿಬಿಡುತ್ತೇನೆ; ಹೇಳದಿದ್ದರೆ ನನ್ನ ಸಿಟ್ಟಿಗೆ ಬೆಲೆಯಿರುವುದಿಲ್ಲ. ಆ ಕಾರಿನಲ್ಲಿ ಕೂತು ಹೋಗುವುದು ಸುಖವಾಗಿತ್ತು. ಗಾಳಿ ಕಿವಿಯಲ್ಲಿ ಸುಂಯ್ಯೆನ್ನುತ್ತಿತ್ತು, ಕೂದಲು ನೆಟ್ಟಗೆ ನಿಂತಿತ್ತು, ರಸ್ತೆಯ ಎರಡೂ ಕಡೆ ಭತ್ತದ ಗದ್ದೆ ಹಾಲುಗಟ್ಟಿ ವಾಸನೆ ಬೀರುತ್ತಿತ್ತು. ಶಿರಾಳಕೊಪ್ಪದಲ್ಲಿ ಅವತ್ತು ಸಂತೆ. ನಮ್ಮ ಊರಿನವರು ಯಾರಾದರೂ ಬಂದಿದ್ದಾರು, ನೋಡಲಿ ಎಂದು ನಾನು ಬೆನ್ನು ಸೆಟೆಸಿ ಕೂತೆ. ಗುರುತಿನವರು ಒಬ್ಬರೂ ಕಾಣಲಿಲ್ಲ. "ಚಂದ್ರಣ್ಣ, ಇನ್ನೊಂದು ಸುತ್ತು ಹೋಗಣ?" ಎಂದೆ. ಪುಣ್ಯಾತ್ಮ ಮರುಮಾತಿಲ್ಲದೆ ತಿರುಗಿಸಿದ. ಎರಡನೇ ಸುತ್ತಿನಲ್ಲೂ ಯಾರೂ ಸಿಗಲಿಲ್ಲ. ಬದನೆಕಾಯಿ ಮಾರುವವಳೊಬ್ಬಳು ಮಾತ್ರ, "ಅಯ್ಯೋ, ಮಾಡು ಎಲ್ಲಿ ಬೀಳಿಸ್ಕಂಡ್ ಬಂದ್ರಪ್ಪಾ?" ಎಂದು ಕನಿಕರದಿಂದ ಕೇಳಿದಳು.

ಬಳ್ಳಿಗಾವಿಯಲ್ಲಿ ಕೆರೆಯ ದಂಡೆಗೆ ಕಾರು ನಿಲ್ಲಿಸಿದೆವು. ಗುಡಾರಕ್ಕೆ ಬಿದಿರಿನ ಗಳ ಕೇಳಿಕೊಂಡು ಊರೊಳಗೆ ಹೋದವನು ನಾನು, ನೆಟ್ಟವನು ನಾನು. ಚಂದ್ರಣ್ಣ ಕುರ್ಚಿ ಬಿಡಿಸಿ ಗ್ರಾಮಾಫೋನಿಗೆ ಕೀಲಿ ತಿರುಗಿಸಿದ. ಸಂಗೀತ ಕೇಳಿ ದನ ಕಾಯುವವರು, ಸೊಪ್ಪು ತರುವವರು ಸುತ್ತ ನೆರೆದರು. ಅವರಿಗೆಲ್ಲ ಬಿಸ್ಕತ್ತು ಹಂಚಿದ. ಅವನು ಜಿಪುಣನಲ್ಲ, ಕೆಟ್ಟವನೂ ಅಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಗುಡಿಯ ಮುಂದೆ ನಿಂತಾಗ ನನಗೆ ಟೇಪಿನ ನೆನಪಾಯಿತು. ಅಂದಾಜಿನಲ್ಲಿ ಬರೆಯಲು ಮನಸ್ಸು ಒಪ್ಪಲಿಲ್ಲ. ಎಸೆಯುತ್ತೇನೆ ಎಂದ ಮೇಷ್ಟ್ರ ಕಣ್ಣು ನೆನಪಿತ್ತು. ಆಗ ಮೊಳದಲ್ಲಿ ಅಳೆದೆ. ನಮ್ಮ ಮನೆಯಲ್ಲಿ ಎಲ್ಲವನ್ನೂ ಅಳೆಯುವುದು ಹಾಗೆಯೇ. ಹಗ್ಗ, ಬಟ್ಟೆ, ಬಾಗಿಲ ಚೌಕಟ್ಟು, ನಾಲೆಯ ನೀರಿನ ಆಳ, ಎಲ್ಲಕ್ಕೂ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ, ಉಳಿದದ್ದು ಗೇಣು, ಅದಕ್ಕೂ ಕಡಿಮೆಯಾದರೆ ಬೆರಳು. ಮೊಳ ಎಂದರೆ ಯಾರ ಮೊಳ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹೂವು ಕೊಳ್ಳುವಾಗ ಮಾತ್ರ ಹೆಂಗಸರು ಹೂವಿನವಳ ಕೈ ಗಿಡ್ಡ ಎಂದು ಜಗಳ ತೆಗೆಯುತ್ತಾರೆ, ಅಷ್ಟೇ. ನಾನು ಒಂದೊಂದು ಕಂಬವನ್ನೂ ತಬ್ಬಿ, ಶಾಸನದ ಕಲ್ಲುಗಳ ಮೇಲೆ ಮೊಣಕೈ ಊರಿ, ಮಣ್ಣಿನಲ್ಲಿ ಮಂಡಿಯೂರಿ, ಬರೆದುಕೊಂಡೆ. ಅಂಗಳದಲ್ಲಿ ಹುರುಳಿ ಒಣಗಿಸುತ್ತಿದ್ದ ಅಜ್ಜಿಯೊಬ್ಬಳು ಬಹಳ ಹೊತ್ತು ನೋಡಿ, "ಏನ್ ತಮ್ಮಾ, ಕಂಬಕ್ಕೆ ಅಂಗಿ ಹೊಲಿಸ್ತೀಯೇನು?" ಎಂದಳು.

"ಇಲ್ಲಜ್ಜಿ, ನನ್ನ ಪರೀಕ್ಷೆಗೆ."

"ಪರೀಕ್ಷಿ ನಿಂಗೋ, ಕಂಬಕ್ಕೋ?" ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ಆಮೇಲೆ ತಾನೇ ಎದ್ದುಬಂದು, ಕಲ್ಲಿನ ಬುಡದಲ್ಲಿ ಕವಿದಿದ್ದ ತುಂಬೆಗಿಡ ಕಿತ್ತು ಅಕ್ಷರ ಕಾಣುವಂತೆ ಮಾಡಿಕೊಟ್ಟಳು.

ತೊಗರ್ಸಿಯಲ್ಲೂ ಹೀಗೆಯೇ ನಡೆಯಿತು. ಚಂದ್ರಣ್ಣ ಬಂದೂಕು ಹೆಗಲಿಗೇರಿಸಿ ಬೆಳಿಗ್ಗೆ ಹೋದವನು ಮಧ್ಯಾಹ್ನ ಬರಿಗೈಯಲ್ಲಿ ಬಂದ. ಗುಡಿಯ ಹೊಸ್ತಿಲು ದಾಟಿದ್ದು ಒಂದು ಸಲ, ಅದೂ ನೆರಳಿದೆ ಎಂದು. ನಾನು ಬರೆಯುತ್ತಿದ್ದ ಪುಸ್ತಕ ಅರ್ಧ ತುಂಬಿತ್ತು. ಮಧ್ಯಾಹ್ನ ಇಳಿದ ಮೇಲೆ ಸೊರಬದ ದಾರಿ ಹಿಡಿದೆವು. ಅರ್ಧ ದಾರಿಯೂ ಸವೆದಿರಲಿಲ್ಲ, ಪಡುವಣ ಕಪ್ಪಾಯಿತು. ಚಿತ್ತೆ ಮಳೆ ಸುರಿಯುವುದು ನಿಮಗೆ ಗೊತ್ತಲ್ಲ, ಗುಡುಗಿನ ಬೆನ್ನಿಗೇ ಹನಿ, ಒಂದೊಂದು ಹನಿಯೂ ಅಡಿಕೆಯ ಗಾತ್ರ. ಬೋಳು ಕಾರು ನಿಮಿಷದೊಳಗೆ ದೋಣಿಯ ತಿರುವುಮುರುವಾಯಿತು. ನೀರು ಹೊರಗಿರುವ ಬದಲು ಒಳಗೆ. ನಾನು ಕುಂಡೆಯ ಕೆಳಗಿನ ಕಂಬಳಿ ಎಳೆದು ಕೊಪ್ಪೆ ಮಾಡಿ ತಲೆಯಿಂದ ಬೆನ್ನಿಗೆ ಇಳಿಬಿಟ್ಟೆ. ಪುಸ್ತಕವನ್ನು ಅದರೊಳಗೆ ಎದೆಗೆ ಒತ್ತಿಕೊಂಡೆ. ನಮ್ಮ ಕಂಬಳಿಯ ಮಹಿಮೆ ಮಳೆಯಲ್ಲಿ ಕೂತು ನೋಡಬೇಕು.

ಚಂದ್ರಣ್ಣ ಕೂಗಿದ: "ಲೇ, ಆ ಕಂಬಳಿ ತೆಗೀಲೇ! ಗ್ರಾಮಾಫೋನಿಗೆ ಹೊದಿಸು! ನೆಂದ್ರೆ ಕೆಡ್ತೈತಿ!"

ನಾನು ಅವನ ಮುಖ ನೋಡಿದೆ. ತಮಾಷೆಯಲ್ಲ. ಮನುಷ್ಯ ನೆನೆದರೆ ಒಣಗುತ್ತಾನೆ, ಗ್ರಾಮಾಫೋನು ಕೆಡುತ್ತದೆ, ಇಷ್ಟು ಸರಳ ಅವನ ತರ್ಕ. ನನ್ನ ಕಂಬಳಿ ನಾನೇ ತೆಗೆದು ಅವನ ಪೆಟ್ಟಿಗೆಗೆ ಹೊದಿಸಿದೆ. ಹೊದಿಸಿ, ಪುಸ್ತಕವನ್ನು ಅಂಗಿಯೊಳಗೆ ಹೊಟ್ಟೆಗೆ ಸೇರಿಸಿ, ಅದರ ಮೇಲೆ ಬಗ್ಗಿ ಮುದುಡಿ ಕೂತು ಸೊರಬದವರೆಗೆ ಬಂದೆ. ಬೆನ್ನ ಮೇಲೆ ಕಲ್ಲು ಹೊಡೆದಂತೆ ಮಳೆ.

ಸೊರಬದಲ್ಲಿ ಕಾಫಿ ಹೋಟೆಲಿನ ಮುಂದೆ ನಿಂತೆವು. ಹೋಟೆಲಿನ ಭಟ್ಟರು ಕೊಡೆ ಹಿಡಿದು ಬಂದು ಕಾರಿನೊಳಗೆ ನೋಡಿದರು. ಕಂಬಳಿ ಎತ್ತಿ ಅಡಿಯಲ್ಲಿ ಏನಿದೆ ಎಂದು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಎಂತ ಮಾರಾಯ್ರೇ ಇದು! ಪೆಟ್ಗೆಗೆ ಕಂಬ್ಳಿ ಹೊದ್ಸಿ ಮನ್ಶನ್ನ ನೆನ್ಸ್ಕಂಡ್ ಬಂದ್ರಲ!" ಎಂದರು. ಚಂದ್ರಣ್ಣ ನಕ್ಕ. ಅವನಿಗೆ ಅದು ನಗುವ ಸಂಗತಿ. ಭಟ್ಟರು ನಗಲಿಲ್ಲ. ನನಗೊಂದು ಒಣಗಿದ ಪಂಚೆ ಕೊಟ್ಟು ಒಲೆಯ ಮುಂದೆ ಕೂರಿಸಿ, "ಹೊಟ್ಟೇಲಿ ಎಂತ ಹುಗಿಸ್ಕಂಡೀಯ?" ಎಂದು ಕೇಳಿದರು. ಪುಸ್ತಕ ತೆಗೆದು ತೋರಿಸಿದೆ. ಅಂಚು ಮಾತ್ರ ಒದ್ದೆಯಾಗಿತ್ತು. ಅವರು ಅದನ್ನು ಹಾಳೆ ಹಾಳೆಯಾಗಿ ಬಿಡಿಸಿ ಒಲೆಯ ಕಾವಿಗೆ ಹಿಡಿದುಕೊಟ್ಟರು.

ಊರಿಗೆ ಮರಳಿದ ಮೇಲೆ ಚಂದ್ರಣ್ಣ, "ಪುಸ್ತಕ ಕೊಡು, ನಮ್ಮ ಗುಮಾಸ್ತರ ಅಕ್ಷರ ಮುತ್ತಿನಂಗೈತಿ. ಇಬ್ಬರಿಗೂ ಒಂದೊಂದು ಪ್ರತಿ ಬರೆಸ್ತೀನಿ" ಎಂದ. ಕೊಟ್ಟೆ. ನೀವು ನಗುತ್ತಿರಬಹುದು. ಕೊಟ್ಟೆ ನೋಡಿ! ಕಾಲೇಜು ತೆರೆದಾಗ ಅವನ ವರದಿ ಕೆಂಪು ರಟ್ಟು ಹಾಕಿಸಿಕೊಂಡು ಮೇಷ್ಟ್ರ ಮೇಜಿನ ಮೇಲಿತ್ತು. ಅದರ ಮೇಲೆ ಒಂದೇ ಹೆಸರು. ನನ್ನ ಪ್ರತಿ ಎಲ್ಲಿ ಎಂದರೆ, "ಗುಮಾಸ್ತರಿಗೆ ಪುರುಸೊತ್ತಾಗಿಲ್ಲ" ಎಂದ. ಪುಸ್ತಕ ಎಲ್ಲಿ ಎಂದರೆ, ಮಿಲ್ಲಿನಲ್ಲಿ ಎಲ್ಲೋ ಇದೆ ಎಂದ. ನಾನು ಬಿಡಿ ಚೀಟಿಗಳಲ್ಲಿ ಗೀಚಿಕೊಂಡದ್ದನ್ನೂ ಬಾಯಿಪಾಠವಾಗಿ ತಲೆಯಲ್ಲಿದ್ದದ್ದನ್ನೂ ಸೇರಿಸಿ ವಾರವಿಡೀ ಕೂತು ಮತ್ತೆ ಬರೆದು ಒಪ್ಪಿಸಿದೆ.

ಮರುದಿನ ಮೇಷ್ಟ್ರು ತರಗತಿಯಲ್ಲಿ ಎರಡೂ ವರದಿಗಳನ್ನು ಎತ್ತಿ ಹಿಡಿದರು. "ಬಳ್ಳಿಗಾವಿಯ ಶಾಸನದ ಕಲ್ಲು ನಾಲ್ಕು ಮೊಳ. ಇದರಲ್ಲೂ ನಾಲ್ಕು ಮೊಳ, ಅದರಲ್ಲೂ ನಾಲ್ಕು ಮೊಳ. ಸಾಲಿಗೆ ಸಾಲು ಒಂದೇ. ಒಬ್ಬ ಇನ್ನೊಬ್ಬನದನ್ನು ಕದ್ದಿದ್ದಾನೆ. ಮೊದಲು ತಂದವನು ಚಂದ್ರಶೇಖರ." ಆಮೇಲೆ ನನ್ನತ್ತ ತಿರುಗಿ, "ಕಳ್ಳನ ಅರ್ಜಿಗೆ ನಾನು ರುಜು ಹಾಕುವುದಿಲ್ಲ" ಎಂದರು.

ರುಜು ಇಲ್ಲದಿದ್ದರೆ ಪರೀಕ್ಷೆಯಿಲ್ಲ. ಪರೀಕ್ಷೆಯಿಲ್ಲದಿದ್ದರೆ ಬಿ.ಎ. ಇಲ್ಲ. ಇನ್ನೊಂದು ವರ್ಷ ಶಿವಮೊಗ್ಗೆಯಲ್ಲಿರುವ ಶಕ್ತಿ ನಮ್ಮ ಮನೆಗಿರಲಿಲ್ಲ. ಬೆಂಚು ಹಿಡಿದು ಎದ್ದು ನಿಂತೆ. ಚಂದ್ರಣ್ಣನೇ ಮಾತಾಡಿದ. ನನ್ನನ್ನು ಉಳಿಸಲು ಎಂದು ಅವನು ಭಾವಿಸಿದ್ದನೆಂದೇ ಈಗಲೂ ನಂಬುತ್ತೇನೆ. "ಬಿಡಿ ಸಾರ್, ಪಾಪ. ಸಾಮಾನು ಇಳಿಸಾಕೆ, ಗುಡಾರ ಹಾಕಾಕೆ ಅಂತ ನಾನೇ ಕರ್ಕೊಂಡ್ ಹೋಗಿದ್ದೆ. ಅಲ್ಲಿ ನೋಡ್ಕಂಡು ಬರ್ದಿರ್ಬೇಕು."

"ಅಳೆದವರು ಯಾರು?" ಎಂದರು ಮೇಷ್ಟ್ರು.

"ನಾನೇ ಸಾರ್. ಹಗುರ ಇರ್ಲಿ ಅಂತ ಟೇಪು ಒಯ್ದಿರ್ಲಿಲ್ಲ. ನನ್ನ ಕೈಯಾಗೇ ಅಳೆದೆ."

"ಸಾರ್, ನಾಲ್ಕು ಮೊಳ ಅಂತ ಐತಲ್ರೀ, ಅದು ಯಾರ ಮೊಳ ಅಂತ ನೋಡ್ರಿ" ಎಂದೆ. ತರಗತಿ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಲೈಬ್ರರಿಯಿಂದ ಶಾಸನಗಳ ದಪ್ಪ ಪುಸ್ತಕ ತರಿಸಿದರು, ಅಳತೆಗೆ ಮರದ ಸ್ಕೇಲು ತರಿಸಿದರು. ಅಚ್ಚಿನ ಪುಸ್ತಕದಲ್ಲಿ ಆ ಕಲ್ಲು ಐದು ಅಡಿ ಎಂಟು ಇಂಚು. ಕರಿಹಲಗೆಯ ಮೇಲೆ ಭಾಗಾಕಾರ ಹಾಕಿದರು. ಮೊಳಕ್ಕೆ ಹದಿನೇಳು ಇಂಚು ಬಂತು. "ಕೈ ಇಡಿ ಇಬ್ಬರೂ" ಎಂದರು.

ಮೇಜಿನ ಮೇಲೆ ಎರಡು ಕೈ. ಚಂದ್ರಣ್ಣನದು ಗಡಿಯಾರ ಕಟ್ಟಿದ ಕೈ, ಹತ್ತೊಂಬತ್ತೂವರೆ ಇಂಚು. ನನ್ನದು ಹದಿನೇಳು. ಅನುಮಾನವಾಗಿ ಇನ್ನೊಮ್ಮೆ ಅಳೆದರು. ಹದಿನೇಳೇ. ತೊಗರ್ಸಿಯ ಕಂಬವನ್ನೂ ಲೆಕ್ಕ ಹಾಕಿದರು, ಅದಕ್ಕೂ ಹದಿನೇಳು. "ನಿನ್ನ ಮೊಳದಲ್ಲಾದರೆ ಈ ಕಲ್ಲು ಆರೂವರೆ ಅಡಿ ಬೆಳೆಯಬೇಕಿತ್ತಲ್ಲಯ್ಯ" ಎಂದು ಚಂದ್ರಣ್ಣನಿಗೆ ಹೇಳಿದರು. ಕುಳ್ಳ ಎಂದು ಹುಟ್ಟಿದಾಗಿನಿಂದ ಹೇಳಿಸಿಕೊಂಡ ನನಗೆ ನನ್ನ ಗಿಡ್ಡ ಕೈಯ ಮೇಲೆ ಪ್ರೀತಿ ಹುಟ್ಟಿದ್ದು ಅವತ್ತು.

ಅರ್ಜಿಗೆ ರುಜು ಬಿತ್ತು. ಸಿಟ್ಟು ಅಲ್ಲಿಗೆ ಇಳಿಯಬೇಕಿತ್ತು, ಅಲ್ಲವೆ? ಆದರೆ ನೋಡಿ, ಚಂದ್ರಣ್ಣನಿಗೆ ಕಳ್ಳ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. "ನೀನು ಇನ್ನೊಂದು ಬರೆದುಕೊಂಡು ಬಾ" ಎಂದರು, ಅಷ್ಟೇ. ಅವನು ಎರಡು ದಿನ ರಜೆ ಹಾಕಿ ಯಾರಿಂದಲೋ ಇನ್ನೊಂದು ಬರೆಸಿಕೊಂಡು ಬಂದ, ಅವನ ಅರ್ಜಿಗೂ ರುಜು ಬಿತ್ತು. ನನ್ನನ್ನು ನಲವತ್ತು ಜನರ ಎದುರಿಗೆ ಕಳ್ಳ ಎಂದದ್ದನ್ನು ಮೇಷ್ಟ್ರು ವಾಪಸು ತೆಗೆದುಕೊಳ್ಳಲಿಲ್ಲ. ಒಳ್ಳೆಯ ಮೇಷ್ಟ್ರು, ನ್ಯಾಯ ನೋಡಿದವರು, ಆದರೂ ತೆಗೆದುಕೊಳ್ಳಲಿಲ್ಲ. ವರಾಂಡದಲ್ಲಿ ಸಿಕ್ಕ ಚಂದ್ರಣ್ಣ, "ಅಷ್ಟಕ್ಕೆಲ್ಲ ಯಾಕ್ಲೇ ಸಿಟ್ಟು? ಕೇಳಿದ್ರೆ ಕೆಳಗೆ ನಿನ್ನ ಹೆಸ್ರೂ ಹಾಕಿಸ್ತಿದ್ದೆ" ಎಂದ. ಕೇಳಿದ್ದರೆ! ಕೆಳಗೆ! ಮೊಮ್ಮಗಳ ಫೋನಿನಲ್ಲಿ ಬೇಕೇ ಬೇಕು ಅನ್ನುವುದನ್ನು ಮಾತ್ರ ಇಟ್ಟುಕೊಳ್ಳಿ ಎಂದು ಬರೆದವನು ಯಾರೋ ಗೊತ್ತಿಲ್ಲ. ಬೇಕಾದದ್ದು ಯಾವುದು ಎಂದು ಹೇಳುವವನು ಒಬ್ಬ, ಬಿಟ್ಟುಬರುವವನು ಇನ್ನೊಬ್ಬ ಆಗಿರುವವರೆಗೆ ನನಗೆ ಹಗುರ ಎಂಬ ಮಾತು ಭಾರವೇ.

ಇಲ್ಲಿಯವರೆಗೆ ಓದಿದವರಿಗೆ ಅನ್ಯಾಯವಾದದ್ದು ನನಗೇ ಎಂದು ಕಂಡಿರುತ್ತದೆ. ನನಗೂ ಇಷ್ಟು ವರ್ಷ ಹಾಗೆಯೇ ಕಂಡಿತ್ತು. ಜಗಲಿಯ ಮೇಲೆ ಕೂತು ಇದನ್ನೆಲ್ಲ ಬರೆಯುತ್ತ ಬಂದ ಮೇಲೆ ಇನ್ನೊಂದನ್ನು ಹೇಳದೆ ನಿಲ್ಲಿಸುವುದು ಸರಿಯಲ್ಲ ಎನಿಸುತ್ತಿದೆ. ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಪಾಸಾದೆ. ಪದವಿಯ ಪ್ರಮಾಣಪತ್ರ ಕಾಲೇಜಿನ ಆಫೀಸಿಗೆ ಬಂದಾಗ ಅಲ್ಲಿನ ಗುಮಾಸ್ತರು ದಫ್ತರದಲ್ಲಿ ರುಜು ಹಾಕಿಸಿಕೊಂಡು, "ಮಡಚಬೇಡಪ್ಪ, ಸುರುಳಿ ಸುತ್ತು" ಎಂದು ಕೊಟ್ಟರು. ಶಿವಮೊಗ್ಗೆಯಿಂದ ಬಸ್ಸಿನಲ್ಲಿ ಅದನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ಕೂತು ಬಂದೆ. ಮನೆ ಮುಟ್ಟಿದಾಗ ಅಪ್ಪ ನಾಲೆಯ ಮೇಲಿದ್ದ. ಅವ್ವ ಹಿತ್ತಲಲ್ಲಿ ಎಮ್ಮೆಗೆ ಕುಡಿಯಲು ಬಾನಿ ಇಡುತ್ತಿದ್ದಳು. ತಂಗಿ ಗೌರಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆಗ ಅವಳಿಗೆ ಹದಿನಾಲ್ಕು. ನಾನು ಶಿವಮೊಗ್ಗೆಗೆ ಓದಲು ಹೊರಟ ವರ್ಷ, ಮನೆಗೆಲಸಕ್ಕೆ ಒಂದು ಕೈ ಕಡಿಮೆಯಾಯಿತೆಂದು ಅವಳನ್ನು ನಾಲ್ಕನೇ ಈಯತ್ತೆಗೆ ಬಿಡಿಸಿದ್ದೆವು. ಬಿಡಿಸಿದ್ದೆವು ಎಂದೇ ಬರೆಯಬೇಕು, ಯಾಕೆಂದರೆ ಅಪ್ಪ ನನ್ನನ್ನೂ ಕೇಳಿದ್ದ. ಮನೆಯಲ್ಲಿ ಓದಿದವನು ನಾನಲ್ಲವೆ. "ಹೆಣ್ಣುಡುಗಿಗೆ ಅಷ್ಟು ಸಾಕು ಬಿಡಪ್ಪ, ಮುಂದಿಂದು ಅದರ ಕೈಲಿ ಆಗೂದಲ್ಲ" ಎಂದಿದ್ದೆ. ಗೌರಿ ಬಾಗಿಲ ಹಿಂದೆಯೇ ನಿಂತಿದ್ದಳು.

ಅವ್ವ ಕೈ ತೊಳೆದು, ಸೆರಗಿಗೆ ಒರೆಸಿ, ಮತ್ತೊಮ್ಮೆ ಒರೆಸಿ ಬಂದಳು. ನಾನು ಸುರುಳಿ ಬಿಡಿಸಿ ಪ್ರಮಾಣಪತ್ರವನ್ನು ಅವಳ ಕೈಗೆ ಕೊಟ್ಟೆ. ನನ್ನ ಹೆಸರು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದೆ. ಅವಳು ಆ ಸಾಲಿನ ಮೇಲೆ ಬೆರಳು ತಾಗಿಸದೆ, ಗಾಳಿಯಲ್ಲೇ ಸವರಿದಳು. ಗೌರಿ ಹಿಟ್ಟಿನ ಕೈಯನ್ನು ಹಿಂದೆ ಕಟ್ಟಿಕೊಂಡು ಬಂದು ಅವಳ ಹೆಗಲ ಮೇಲಿಂದ ನೋಡಿದಳು; ತುಟಿ ಅಲ್ಲಾಡಿಸಿ ನನ್ನ ಹೆಸರನ್ನು ಕೂಡಿಸಿ ಓದಿದಳು. ಅವ್ವ ಕಾಗದವನ್ನು ನಿಧಾನ ತಿರುವಿ ಹಾಕಿದಳು. ಹಿಂಬದಿ ಪೂರ್ತಿ ಬಿಳಿ.

"ಹಿಂದ್ಗಡಿ ಖಾಲಿ ಐತಲ್ಲೋ ತಮ್ಮಾ" ಎಂದಳು. "ಗೌರಿ ಹೆಸ್ರು ಇದ್ರಾಗೇ ಬರೀತಾರೋ, ಇಲ್ಲಾ ಅಕೀಗೆ ಬ್ಯಾರೆ ಕಾಗ್ದ ಕೊಡ್ತಾರೋ?"